ಬೇಸಿಗೆ ರಜೆಯಲ್ಲಿ ಟೂರ್ನಿ, ಕ್ಯಾಂಪ್, ಗಟ್ಟಿಂಗ್ (ರಾಕೆಟ್‌ಗೆ ಗಟ್ ಅಂದರೆ ದಾರ ಹೆಣೆಯುವುದು): ಹಾಸನ–ಚಿಕ್ಕಮಗಳೂರಿನ ಕಾಲೇಜು ಟೆನಿಸ್ ಆಟಗಾರರಿಗೆ

ನಮ್ಮ ಕಡೆ ಟೆನಿಸ್ ಬೇಸಿಗೆ ಎಂದರೆ ಏಪ್ರಿಲ್ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ, ಅಷ್ಟೇ. ಶಾಲೆಗಳಿಗೆ ರಜೆ ಇರುವುದು ಆಗ, ಹಾಗಾಗಿ ಕ್ಯಾಂಪ್‌ಗಳೂ ಆಗಲೇ. ಮೃಗಶಿರಾ ಮಳೆ ಹಿಡಿಯಿತೆಂದರೆ ಹೊರಗಿನ ಕೋರ್ಟ್‌ಗಳು ಬಂದ್; ಮೂಡಿಗೆರೆ, ಸಕಲೇಶಪುರದ ಕಡೆಯಂತೂ ಕೇಳುವುದೇ ಬೇಡ. ಅದಕ್ಕೂ ಮೊದಲು, ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ ಬೆಳಿಗ್ಗೆ ಬಿಸಿಲು ಕಾದು ಮಧ್ಯಾಹ್ನ ಮೂರರ ಮೇಲೆ ಗುಡುಗು ಶುರು. ಆದ್ದರಿಂದ ಕ್ಯಾಂಪ್‌ನಲ್ಲಿ ಕಲಿಸುವ ಕೆಲಸ ಒಪ್ಪಿಕೊಳ್ಳುವಾಗ ಬೆಳಗಿನ ಬ್ಯಾಚೇ ಕೇಳಿ, 6.30ರಿಂದ 9. ಸಂಜೆ ಬ್ಯಾಚ್ ಹಿಡಿದವರಿಗೆ ವಾರಕ್ಕೆ ಎರಡು ದಿನವಾದರೂ ಮಳೆ ರಜೆ. ದಿನದ ಲೆಕ್ಕದಲ್ಲಿ ಸಂಬಳವಾದರೆ ನಷ್ಟ ನಿಮ್ಮದೇ.

ಮೊದಲು ಟೂರ್ನಿಗಳನ್ನು ಗುರುತು ಹಾಕಿ, ಆಮೇಲೆ ಕೆಲಸ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ: ಕ್ಯಾಂಪ್‌ಗೆ ಪೂರ್ತಿ ಆರು ವಾರ ಒಪ್ಪಿಕೊಂಡು, ನಡುವೆ ರಜೆ ಕೇಳಿ, ಎರಡೂ ಕಡೆ ಹೆಸರು ಕೆಡಿಸಿಕೊಳ್ಳುತ್ತಾರೆ. ಸೆಮಿಸ್ಟರ್ ಪರೀಕ್ಷೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಉಳಿದ ವಾರಗಳಲ್ಲಿ ಎರಡೋ ಮೂರೋ ಟೂರ್ನಿ ಆರಿಸಿ. ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ನೋಂದಣಿ ಇಲ್ಲದಿದ್ದರೆ ರಾಷ್ಟ್ರೀಯ ರ್‍ಯಾಂಕಿಂಗ್ ಟೂರ್ನಿಗೆ ಹೆಸರು ಕೊಡಲಾಗದು; ಮಾರ್ಚ್‌ನಲ್ಲೇ ಮಾಡಿಸಿ ಅಥವಾ ನವೀಕರಿಸಿ. ರಾಜ್ಯ ಮಟ್ಟದ್ದಕ್ಕೆ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಅಂದರೆ ಕೆಎಸ್‌ಎಲ್‌ಟಿಎಯ ಪ್ರಕಟಣೆಗಳನ್ನು ನೋಡುತ್ತಿರಿ.

ಪ್ರತಿ ಟೂರ್ನಿಗೂ ಒಂದು ಫ್ಯಾಕ್ಟ್ ಶೀಟ್ ಇರುತ್ತದೆ. ಅದರಲ್ಲಿ ಮೊದಲು ಹುಡುಕಬೇಕಾದ್ದು ಬಹುಮಾನದ ಮೊತ್ತ ಅಲ್ಲ: ಎಂಟ್ರಿಗೆ ಕಡೇ ದಿನ, ವಿತ್‌ಡ್ರಾಗೆ ಕಡೇ ದಿನ, ಸೈನ್ ಇನ್ (ಹಾಜರಾತಿ ಹಾಕುವ) ಸಮಯ, ಕೋರ್ಟ್ ಮಣ್ಣೋ ಹಾರ್ಡೋ, ಯಾವ ಬಾಲ್. ಸಾಮಾನ್ಯವಾಗಿ ಶನಿವಾರ, ಭಾನುವಾರ ಕ್ವಾಲಿಫೈಯಿಂಗ್ (ಅರ್ಹತಾ ಸುತ್ತು), ಸೋಮವಾರದಿಂದ ಮೇನ್ ಡ್ರಾ (ಮುಖ್ಯ ಸುತ್ತು). ಸೈನ್ ಇನ್ ಹಿಂದಿನ ದಿನ ಸಂಜೆಯೇ ಮುಗಿದುಹೋಗುವುದುಂಟು. ಬೆಳಿಗ್ಗೆ ಮೊದಲ ರೈಲಿಗೆ ಹೋದರಾಯಿತು ಎಂದುಕೊಂಡರೆ ಡ್ರಾದಲ್ಲಿ ಹೆಸರೇ ಇರದು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲಿದೆ, ಹೋಗಿಬರುವುದು ಸುಲಭ. ಆದರೂ ಮೊದಲ ಪಂದ್ಯದ ಹಿಂದಿನ ರಾತ್ರಿ ಊರು ಸೇರಿಕೊಳ್ಳಿ. ಡಬಲ್ಸ್‌ಗೂ ಹೆಸರು ಕೊಡಿ. ಸಿಂಗಲ್ಸ್ ಮೊದಲ ಸುತ್ತಲ್ಲೇ ಸೋತರೆ ಬಸ್ ಚಾರ್ಜು, ರೂಮಿನ ಬಾಡಿಗೆಗೆ ಇನ್ನೊಂದು ಪಂದ್ಯವಾದರೂ ದಕ್ಕುತ್ತದೆ.

ಆರಂಭದ ಸುತ್ತುಗಳಲ್ಲಿ ಚೇರ್ ಅಂಪೈರ್ ಇರುವುದಿಲ್ಲ. ನಿಮ್ಮ ಬದಿಯ ಗೆರೆ ನೀವೇ ಕೂಗಬೇಕು, ಅನುಮಾನ ಬಂದರೆ ಬಾಲ್ ಒಳಗೆಂದೇ ಲೆಕ್ಕ. ‘ಸರಿಯಾಗಿ ಕಾಣಲಿಲ್ಲ, ಮತ್ತೆ ಆಡೋಣ’ ಎನ್ನುವಂತಿಲ್ಲ, ಪಾಯಿಂಟ್ ಎದುರಾಳಿಗೆ. ಮಣ್ಣಿನ ಕೋರ್ಟ್‌ನಲ್ಲಿ ಗುರುತು ನೋಡಬಹುದು. ಪಾಯಿಂಟ್‌ಗಳ ನಡುವೆ 25 ಸೆಕೆಂಡ್, ಬದಿ ಬದಲಿಸುವಾಗ 90 ಸೆಕೆಂಡ್, ಸೆಟ್ ಮುಗಿದಾಗ 2 ನಿಮಿಷ. ಪ್ರತಿ ಸೆಟ್‌ನ ಮೊದಲ ಗೇಮ್ ಆದಮೇಲೆ ಕೂರುವಂತಿಲ್ಲ. ಸರ್ವ್ ಮಾಡುವವರು ಪ್ರತಿ ಸಲ ಸ್ಕೋರ್ ಜೋರಾಗಿ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎತ್ತರದ ವಿಷಯವನ್ನು ಇಲ್ಲಿಯವರು ಮರೆಯುತ್ತಾರೆ. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಚಿಕ್ಕಮಗಳೂರು ಸಾವಿರ ದಾಟಿದೆ. ಗಾಳಿ ತೆಳು, ಬಾಲ್ ಸ್ವಲ್ಪ ಉದ್ದಕ್ಕೆ ಹೋಗುತ್ತದೆ. ಎತ್ತರದ ಊರುಗಳ ವಿಶೇಷ ಬಾಲ್ 1,219 ಮೀಟರ್ ದಾಟಿದ ಮೇಲಷ್ಟೇ, ಹಾಗಾಗಿ ನಾವು ಆಡುವುದು ಮಾಮೂಲಿ ಬಾಲ್‌ನಲ್ಲೇ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಅದೇ ಬಾಲ್ ಸೆಕೆಗೆ ಭಾರವಾಗಿ, ನಿಮ್ಮ ಏಟು ಸರ್ವಿಸ್ ಲೈನ್ ಹತ್ತಿರವೇ ಬೀಳುತ್ತದೆ. ಅಲ್ಲಿಗೆ ಒಯ್ಯುವ ರಾಕೆಟ್‌ಗೆ ಟೆನ್ಷನ್ (ಗಟ್‌ನ ಬಿಗಿ) ಒಂದೆರಡು ಪೌಂಡ್ ಇಳಿಸಿ.

ಈಗ ಕೆಲಸದ ಮಾತು. ಕ್ಯಾಂಪ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಆರರಿಂದ ಹತ್ತು ವರ್ಷದ ಮಕ್ಕಳು. ಅವರ ಕೈಗೆ ಹಳದಿ ಬಾಲ್ ಕೊಟ್ಟರೆ ಅದು ತಲೆಯ ಮೇಲಿಂದ ಹಾರುತ್ತದೆ, ಮಗು ಹಿಂದೆ ಓಡಿ ಓಡಿ ಹಿಡಿತ ಕೆಡಿಸಿಕೊಳ್ಳುತ್ತದೆ. 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಬಾಲ್ ಬಳಸಬಾರದೆಂದು ಟೆನಿಸ್‌ನ ನಿಯಮವೇ ಹೇಳುತ್ತದೆ. ಮಕ್ಕಳಿಗೆಂದೇ ಇರುವ ಬಾಲ್‌ಗಳಲ್ಲಿ ಕೆಂಪು ಬಾಲ್ ಹಳದಿಗಿಂತ ಶೇಕಡಾ 75ರಷ್ಟು ನಿಧಾನ, ಕಿತ್ತಳೆ 50, ಹಸಿರು ಚುಕ್ಕೆಯದು 25.

ಕೆಂಪು ಬಾಲ್‌ನ ಕೋರ್ಟ್ ಉದ್ದ ಸುಮಾರು 11 ಮೀಟರ್, ಅಂದರೆ ಡಬಲ್ಸ್ ಕೋರ್ಟ್‌ನ ಅಗಲದಷ್ಟೇ. ಇದನ್ನು ಉಪಯೋಗಿಸಿಕೊಳ್ಳಿ. ದೊಡ್ಡ ನೆಟ್‌ನ ನಡುವಿನ ಪಟ್ಟಿಗೆ ಹಗ್ಗ ಕಟ್ಟಿ, ಹಿಂದಿನ ಫೆನ್ಸ್‌ವರೆಗೆ ನೇರ ಎಳೆಯಿರಿ, ಎತ್ತರ 80 ಸೆಂಟಿಮೀಟರ್. ಹಗ್ಗ ಜೋಲುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಕೊಡಿ, ಮಕ್ಕಳಿಗೆ ಕಾಣಲು ಹಗ್ಗಕ್ಕೆ ಬಣ್ಣದ ಬಟ್ಟೆ ಕಟ್ಟಿ. ಆ ಕಡೆಯೂ ಹೀಗೇ ಮಾಡಿದರೆ ಒಂದು ಕೋರ್ಟ್‌ನಲ್ಲಿ ನಾಲ್ಕು ಪುಟ್ಟ ಕೋರ್ಟ್, ಒಟ್ಟಿಗೆ ಎಂಟು ಮಕ್ಕಳು ಆಡಬಹುದು. ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಬಾಲ್ ಎಸೆಯುವ ಕ್ಯಾಂಪ್‌ನಲ್ಲಿ ಮಗು ಗಂಟೆಗೆ ಹತ್ತು ನಿಮಿಷವೂ ಆಡುವುದಿಲ್ಲ, ಉಳಿದದ್ದು ತಳ್ಳಾಟ. ಒಂದು ಗಂಟೆಯಲ್ಲಿ ಹತ್ತು ನಿಮಿಷ ಓಟ ಮತ್ತು ಕೈಯಲ್ಲಿ ಎಸೆದು ಹಿಡಿಯುವುದು, ಇಪ್ಪತ್ತೈದು ನಿಮಿಷ ಜೋಡಿಯಾಗಿ ರ್‍ಯಾಲಿ, ಇಪ್ಪತ್ತು ನಿಮಿಷ ಪಾಯಿಂಟ್ ಆಟ, ಕೊನೆಗೆ ಬಾಲ್ ಹೆಕ್ಕುವುದು. ‘ಸರ್, ನಮ್ ಹುಡ್ಗಂಗೆ ಮ್ಯಾಚ್ ಯಾವಾಗ ಆಡಿಸ್ತೀರಾ?’ ಎಂದು ಮೊದಲ ವಾರವೇ ಅಪ್ಪಂದಿರು ಬರುತ್ತಾರೆ. ಮೊದಲ ದಿನದಿಂದಲೇ ಪಾಯಿಂಟ್ ಆಡಿಸುತ್ತಿದ್ದರೆ ಉತ್ತರ ಕೋರ್ಟ್‌ನಲ್ಲೇ ಕಾಣುತ್ತದೆ.

ಪ್ಲಾಂಟರ್‌ಗಳ ಕ್ಲಬ್‌ಗಳಲ್ಲಿ ಹಿರಿಯರಿಗೆ ಜೊತೆ ಆಡುವ ಕೆಲಸವೂ ಸಿಗುತ್ತದೆ. ಅಲ್ಲಿ ಗೆಲ್ಲುವುದು ನಿಮ್ಮ ಕೆಲಸವಲ್ಲ, ಬಾಲ್ ಅವರ ಸೊಂಟದ ಎತ್ತರಕ್ಕೆ ಮತ್ತೆ ಮತ್ತೆ ಹೋಗಬೇಕು. ಗಂಟೆಯ ದರ, ಬಾಲ್ ಯಾರದು, ಮಳೆ ಬಂದರೆ ಹೇಗೆ, ಮೂರನ್ನೂ ಮೊದಲೇ ಮಾತಾಡಿಕೊಳ್ಳಿ.

ನಿಜವಾಗಿ ದುಡ್ಡು ನಿಲ್ಲುವುದು ಗಟ್ಟಿಂಗ್‌ನಲ್ಲಿ. ಮಳೆಯ ಹಂಗಿಲ್ಲ, ರಾತ್ರಿಯೂ ಮಾಡಬಹುದು. ಒಂದು ರಾಕೆಟ್‌ಗೆ ಸುಮಾರು 12 ಮೀಟರ್ ಗಟ್ ಬೇಕು, 200 ಮೀಟರ್ ರೀಲ್‌ನಲ್ಲಿ 16 ರಾಕೆಟ್. ರೀಲ್‌ನ ಬೆಲೆಯನ್ನು 16ಕ್ಕಲ್ಲ, 15ಕ್ಕೆ ಭಾಗಿಸಿ. ಒಂದು ಹಾಳಾಗಿಯೇ ತೀರುತ್ತದೆ.

ಹಳೆಯ ಗಟ್ ಕತ್ತರಿಸುವಾಗ ನಡುವಿನಿಂದ ಶುರುಮಾಡಿ ಹೊರಕ್ಕೆ, ಉದ್ದ ಅಡ್ಡ ಎರಡನ್ನೂ ಸಮವಾಗಿ. ಒಂದೇ ದಿಕ್ಕಿನವನ್ನು ಮೊದಲು ಕತ್ತರಿಸಿದರೆ ಫ್ರೇಮ್ ಸೊಟ್ಟಗಾಗುತ್ತದೆ. ಗ್ರಾಮೆಟ್‌ಗಳನ್ನು (ಫ್ರೇಮಿನ ತೂತುಗಳಲ್ಲಿರುವ ಪ್ಲಾಸ್ಟಿಕ್ ಕೊಳವೆ) ಬೆರಳಿನಿಂದ ಮುಟ್ಟಿ ನೋಡಿ. ಸೀಳಿದ್ದರೆ ಹೊಸ ಗಟ್ ಅಲ್ಲೇ ತುಂಡಾಗುತ್ತದೆ, ಬೈಗುಳ ನಿಮಗೆ. ಮುಂದೆ ರಾಕೆಟ್‌ನ ಗಂಟಲಿನಲ್ಲಿರುವ (ಹಿಡಿಯ ಮೇಲೆ ಫ್ರೇಮ್ ಕವಲೊಡೆಯುವ ಜಾಗ) ಉದ್ದೆಳೆಯ ತೂತು ಎಣಿಸಿ. 16 ಉದ್ದೆಳೆಯ ರಾಕೆಟ್‌ನಲ್ಲಿ ಎಂಟು ತೂತಿದ್ದರೆ ತಲೆಯ ಕಡೆಯಿಂದ ಶುರು. ಆಗ ಕೊನೆಯ ಉದ್ದೆಳೆ ತಲೆಯಲ್ಲೇ ಮುಗಿಯುತ್ತದೆ, ಅದೇ ಗಟ್‌ನಲ್ಲಿ ಅಡ್ಡೆಳೆಗಳನ್ನು ಮೇಲಿಂದ ಕೆಳಕ್ಕೆ ಹೆಣೆಯಬಹುದು. ಆರು ತೂತಿದ್ದರೆ ಗಂಟಲಿನಿಂದ ಶುರು, ಉದ್ದೆಳೆ ಮುಗಿಯುವುದೂ ಅಲ್ಲೇ. ಅಲ್ಲಿಂದ ಅಡ್ಡೆಳೆಯನ್ನು ಮೇಲಕ್ಕೆ ಹೆಣೆದರೆ ಒತ್ತಡವೆಲ್ಲ ತಲೆಯ ಕಡೆ ಸರಿದು ಫ್ರೇಮ್ ಬಿರುಕು ಬಿಡಬಹುದು. ಅಂಥದ್ದಕ್ಕೆ ಗಟ್ ಎರಡು ತುಂಡು ಮಾಡಿ ನಾಲ್ಕು ಗಂಟು ಹಾಕಿ. ಒಂದೇ ತುಂಡಿನಲ್ಲಿ ಮಾಡುವಾಗ ಗಿಡ್ಡ ಬದಿಗೆ (ಅರ್ಧದಷ್ಟು ಉದ್ದೆಳೆಗಳಿಗೆ ಮಾತ್ರ ಸಾಲುವ ತುದಿ) ಮೂರು ಮೀಟರ್ ಮೇಲೊಂದು ಗೇಣು ಬಿಡಿ.

ಉದ್ದೆಳೆ ಎಳೆಯುವಾಗ ಒಂದು ಬದಿ ಇನ್ನೊಂದಕ್ಕಿಂತ ಎರಡು ಎಳೆಗಿಂತ ಮುಂದೆ ಹೋಗಬಾರದು. ಅಡ್ಡೆಳೆಗೆ ಪಾಲಿ (ಪಾಲಿಯೆಸ್ಟರ್ ಗಟ್) ಹಾಕುತ್ತಿದ್ದರೆ ನಿಧಾನ ಎಳೆಯಿರಿ, ಬಿರುಸಾಗಿ ಎಳೆದರೆ ಉಜ್ಜಿ ಕಚ್ಚು ಬೀಳುತ್ತದೆ. ಪ್ರತಿ ಅಡ್ಡೆಳೆ ಹೆಣೆದ ಮೇಲೆ, ಎಳೆಯುವ ಮೊದಲು ಒಮ್ಮೆ ಕಣ್ಣಾಡಿಸಿ: ಮೇಲೆ, ಕೆಳಗೆ, ಮೇಲೆ, ಕೆಳಗೆ. ತಪ್ಪು ಹೆಣಿಗೆ ಕೊನೆಯಲ್ಲಿ ಕಂಡರೆ ಅಷ್ಟೂ ಬಿಚ್ಚಬೇಕು. ಗಂಟು ಹಾಕುವ ಎಳೆಗೆ ಎರಡು ಮೂರು ಪೌಂಡ್ ಹೆಚ್ಚು ಕೊಡಿ, ಗಂಟು ಬಿಗಿಯುವಾಗ ಅಷ್ಟು ಸಡಿಲವಾಗುತ್ತದೆ. ಎಳೆ ಹಿಡಿದಿಡುವ ಕ್ಲ್ಯಾಂಪ್ ಜಾರುತ್ತಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ. ಹ್ಯಾಂಡಲ್ ತಿರುಗಿಸುವ ಗಟ್ಟಿಂಗ್ ಯಂತ್ರವಾದರೆ ವಾರಕ್ಕೊಮ್ಮೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. 50 ಪೌಂಡ್‌ಗೆ ಇಟ್ಟರೆ 22.7 ಕೆಜಿ ತೋರಿಸಬೇಕು. ಪ್ರತಿ ರಾಕೆಟ್‌ನ ಗಂಟಲಿಗೆ ಗಟ್, ಟೆನ್ಷನ್, ತಾರೀಖು ಬರೆದ ಚೀಟಿ ಅಂಟಿಸಿ.

ಮಣ್ಣಿನ ಕೋರ್ಟ್‌ಗೆ ಗೆರೆ ಎಳೆದುಕೊಡುವ ಕೆಲಸ ಬಂದರೆ ಸುತಲಿ, ಗೂಟ, ಟೇಪು ಸಾಕು. ಬೇಸ್‌ಲೈನ್ ನೆಟ್‌ನಿಂದ 39 ಅಡಿ, ಡಬಲ್ಸ್ ಅಗಲ 36 ಅಡಿ, ಸಿಂಗಲ್ಸ್ 27, ಸರ್ವಿಸ್ ಲೈನ್ ನೆಟ್‌ನಿಂದ 21. ಮೂಲೆ ಸರಿಯಿದೆಯೇ ಎಂದು ನೋಡಲು ನೆಟ್‌ನ ಕೆಳಗೆ ಒಂದು ಬದಿಗೆರೆ ಹಾಯುವ ಜಾಗದಿಂದ ಬೇಸ್‌ಲೈನ್‌ನ ಎದುರು ಮೂಲೆಗೆ ಕರ್ಣ ಅಳೆಯಿರಿ: ಡಬಲ್ಸ್‌ಗೆ 53 ಅಡಿ 1 ಇಂಚು, ಸಿಂಗಲ್ಸ್‌ಗೆ 47 ಅಡಿ 5 ಇಂಚು ಚಿಲ್ಲರೆ. ಕರ್ಣ ಅಳೆಯದೆ ಸುಣ್ಣ ಹಾಕಿದ ಕೋರ್ಟ್‌ಗಳು ಸೊಟ್ಟಗಿರುತ್ತವೆ, ಆಡುವವರಿಗೆ ಗೊತ್ತೇ ಆಗಿರುವುದಿಲ್ಲ. ಹಿಂದಿನ ಸಂಜೆ ನೀರು ಹಾಕಿ, ಬೆಳಿಗ್ಗೆ ರೋಲರ್ ಎಳೆದು, ಆಮೇಲೆ ಸುಣ್ಣ.

ಕೈಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಬಕೆಟ್‌ನಿಂದ ನೂರಾರು ಬಾಲ್ ಫೀಡ್ ಮಾಡುವುದು, ಮಧ್ಯಾಹ್ನ ಗಟ್ ಎಳೆಯುವುದು, ಸಂಜೆ ಸರ್ವ್ ಅಭ್ಯಾಸ, ಮೂರೂ ಒಂದೇ ಮೊಣಕೈ ಮೇಲೆ ಬೀಳುತ್ತವೆ. ಟೂರ್ನಿಗೆ ಮುಂಚಿನ ಮೂರು ದಿನ ಫೀಡಿಂಗ್ ಬಿಟ್ಟು ಮಕ್ಕಳೇ ಜೋಡಿಯಾಗಿ ಆಡುವ ಪಾಠ ಇಟ್ಟುಕೊಳ್ಳಿ, ಆ ವಾರ ಬಂದ ರಾಕೆಟ್‌ಗಳಿಗೆ ಮುಂದಿನ ಸೋಮವಾರದ ತಾರೀಖು ಹೇಳಿ. ತುಂಬಿದ ಚೊಂಬು ಎತ್ತುವಾಗ ಮೊಣಕೈ ಹೊರಬದಿ ಚುಚ್ಚಿದರೆ ಅವತ್ತೇ ಫಿಸಿಯೋ ಹತ್ತಿರ ಹೋಗಿ. ಆಡಲಾಗದು ಎಂದಾದರೆ ಗಡುವಿನೊಳಗೆ ವಿತ್‌ಡ್ರಾ ಮಾಡಿ. ತಡವಾದರೆ ದಂಡ ಬೀಳಬಹುದು, ಸೀಟೂ ಹಾಳು.