ಅರ್ಧ ಸೆಕೆಂಡಿನ ಕಡಲು

ಕಾಸರಗೋಡು ಜಿಲ್ಲೆಯ ಉಪ್ಪಳದ ಕಡಲಬದಿಯಲ್ಲಿ ನನ್ನ ಅಜ್ಜಿಮನೆ ಇತ್ತು. ಈಗ ಅಲ್ಲಿ ನೀರು. ಒಂದೊಂದು ಮಳೆಗಾಲಕ್ಕೆ ಒಂದೊಂದು ಸಾಲು ತೆಂಗು ಕಡಲ್ಕೊರೆತಕ್ಕೆ ಹೋಯಿತು, ಆಮೇಲೆ ಅಂಗಳ, ಆಮೇಲೆ ಮನೆ. ಒಂದು ತೆಂಗಿನ ಬುಡ ಮಾತ್ರ ಉಳಿದಿದೆ. ಮೂರು ವರ್ಷದಿಂದ ನಾನು ಹೆಚ್ಚಾಗಿ ಅದರದ್ದೇ ಫೋಟೋ ತೆಗೆಯುತ್ತಿದ್ದೇನೆ.

ಕ್ಯಾಮೆರಾ ಕೊಂಡ ಹೊಸತರಲ್ಲಿ ರಜೆ ಸಿಕ್ಕಿದರೆ ಸಾಕು, ಬೇಕಲಕ್ಕೆ ಓಡುತ್ತಿದ್ದೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಅದರಾಚೆ ಮುಳುಗುವ ಸೂರ್ಯ. ಚಂದವೇ, ಅಲ್ವಾ? ಆದರೆ ಮನೆಗೆ ಬಂದು ನೋಡಿದರೆ ಆ ಫೋಟೋ ಯಾರು ತೆಗೆದರೂ ಹಾಗೇ ಬರುತ್ತಿತ್ತು ಅನ್ನಿಸುತ್ತಿತ್ತು.

ಬುಡದ ಎದುರು ಮೊದಲ ಸಲ ಟ್ರೈಪಾಡ್ ಇಟ್ಟಾಗ ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿದ್ದೆ. ಅದು ಸಾವಿರ ಪಾಲು ಬೆಳಕಿನಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಶಟರ್ 1/15 ಸೆಕೆಂಡ್ ತೆರೆದರೆ ಸಾಕಾಗುವಲ್ಲಿ ಒಂದು ನಿಮಿಷದ ಮೇಲೆ ತೆರೆದಿಡಬೇಕು. ಅಷ್ಟು ಹೊತ್ತು ಸುಮ್ನೆ ನಿಲ್ಲಬೇಕು. ಉಸಿರು ತಾನಾಗಿ ನಿಧಾನವಾಗುತ್ತದೆ. ತೆರೆಯ ಸದ್ದು ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಕಲ್ಲಿಗೆ ಬಡಿಯುವುದೇ ಬೇರೆ, ಹೊಯ್ಗೆಯಲ್ಲಿ ಇಂಗುವುದೇ ಬೇರೆ. ಆ ಒಂದು ನಿಮಿಷ ನನಗೆ ತುಂಬಾ ಹಿಡಿಸಿತು.

ಫೋಟೋ ಮಾತ್ರ ಸುಳ್ಳು ಹೇಳಿತು. ತೆರೆಗಳೆಲ್ಲ ಸೇರಿ ಕಡಲು ಹಾಲಿನ ಹಾಗೆ ನಯವಾಗಿತ್ತು. ಮನೆ ನುಂಗಿದ ಕಡಲು ಅದಲ್ಲ.

ಅಲ್ಲಿಂದ ಕ್ರಮ ಬದಲಿಸಿದೆ. ಈಗ ಬ್ಯಾಗ್ ತೆರೆಯದೆ ಮೊದಲು ಅರ್ಧ ಗಂಟೆ ಕೂರುತ್ತೇನೆ. ಇವತ್ತು ಈ ಕಡಲು ನನಗೆ ಏನಾಗಿ ಕಾಣುತ್ತಿದೆ ಅಂತ ನೋಡಿಕೊಳ್ಳುತ್ತೇನೆ. ಶಟರ್ ವೇಗ ಆಮೇಲೆ. ಜುಲೈಯಲ್ಲಿ ಒಮ್ಮೆ ತಡೆಗೋಡೆಯಿಂದ ತುಂಬ ಹಿಂದೆ ನಿಂತು 1/1000ರಲ್ಲಿ ತೆಗೆದೆ. ತೆರೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಅಂದು ಮನಸ್ಸಿನಲ್ಲಿದ್ದದ್ದು ಸಿಟ್ಟೇ.

ಡಿಸೆಂಬರಿನಲ್ಲಿ ಸಿಟ್ಟು ಇರುವುದಿಲ್ಲ. ಆಗ ಸೂರ್ಯ ಎಡಕ್ಕೆ, ತೆಂಕು ಬದಿಗೆ ಸರಿದು ಮುಳುಗುತ್ತಾನೆ, ಬುಡದ ಹಿಂದಿನಿಂದ ಬೆಳಕು ಬರುತ್ತದೆ. ತೆಂಗಿಗೆ ತಾಯಿಬೇರು ಇಲ್ಲ. ಹಗ್ಗದ ಎಳೆಗಳಂಥ ನೂರಾರು ಬೇರುಗಳು ಈಗ ಹೊಯ್ಗೆಯಿಂದ ಹೊರಗೆ ಜೋತುಬಿದ್ದಿವೆ. ನೀರು ಹಿಂದೆ ಹೋಗುವಾಗ ಒಂದೊಂದು ಎಳೆಯಿಂದಲೂ ಹನಿ ಬೀಳುತ್ತದೆ. ಸೂರ್ಯ ಮುಳುಗಿ ಹತ್ತು ನಿಮಿಷ ಕಳೆದ ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 11 ಇಟ್ಟರೆ ಫಿಲ್ಟರ್ ಇಲ್ಲದೆಯೇ ಅರ್ಧ ಸೆಕೆಂಡಿನ ಶಟರ್ ಸಿಗುತ್ತದೆ. ತೆರೆ ಬರುವಾಗ ಒತ್ತಬಾರದು, ಹಿಂದೆ ಸರಿಯಲು ಶುರುವಾದಾಗ ಒತ್ತಬೇಕು. ಆಗ ನೊರೆ ಬುಡವನ್ನು ಸುತ್ತಿ ಎಳೆದ ಗೀರುಗಳಾಗಿ ಉಳಿಯುತ್ತದೆ. ಕಡಲು ಎಳೆದುಕೊಂಡು ಹೋಗುವುದು ಕಾಣುತ್ತದೆ, ಬುಡ ಬಿಡದೆ ನಿಂತದ್ದೂ ಕಾಣುತ್ತದೆ. ನನಗೆ ಬೇಕಾದದ್ದು ಅದು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಕಡಲಿನ ಏರು, ಅಂದರೆ ಉಬ್ಬರ, ಜಾಸ್ತಿ. ಏರಿನ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋಗುವ ಮೊದಲು ಅದನ್ನು ನೋಡಿಕೊಳ್ಳಲೇಬೇಕು. ಒಂದು ಸಂಜೆ ತೆಗೆದ ಫೋಟೋವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ತೆರೆ ಬಂದು ಟ್ರೈಪಾಡನ್ನೇ ಬೀಳಿಸಿತು. ಆ ಲೆನ್ಸ್ ಮತ್ತೆ ಸರಿಯಾಗಲಿಲ್ಲ. ಅಂದಿನಿಂದ ನೀರಿನ ಅಂಚಿನಲ್ಲಿ ಸ್ಕ್ರೀನ್ ನೋಡುವುದಿಲ್ಲ. ಕಣ್ಣು ಕಡಲ ಮೇಲೆ. ಇದರಿಂದ ಫೋಟೋಗಳೂ ಒಳ್ಳೆಯದಾದವು.

ಕಳೆದ ವರ್ಷ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚಿಕ್ಕಮ್ಮನಿಗೆ ಕೊಟ್ಟೆ. ಅವರು ಬುಡವನ್ನು ಹೆಚ್ಚು ನೋಡಲೇ ಇಲ್ಲ. ಬೆರಳು ಎಡಬದಿಯ ಬರೀ ನೀರಿನ ಮೇಲೆ ಇಟ್ಟರು. "ಬಟ್ಟೆ ಒಗೆಯುವ ಕಲ್ಲು ಇಲ್ಲಿತ್ತು" ಅಂದರು. ಬೆರಳು ಸ್ವಲ್ಪ ಈಚೆ ಜಾರಿತು. "ಇಲ್ಲಿ ಬಾವಿ."

ಮರುವಾರ ಅದೇ ಹೊತ್ತಿಗೆ ಹೋದೆ. ಬುಡವನ್ನು ಫ್ರೇಮಿನ ಬಲ ಅಂಚಿಗೆ ಸರಿಸಿದೆ. ಉಳಿದ ಜಾಗವನ್ನೆಲ್ಲ ನೀರಿಗೇ ಬಿಟ್ಟೆ.