ಗೋಲಿ ಸೋಡಾ ಜಾಹೀರಾತು: ಬಾಟಲಿ ನಿಜದ್ದು, ಚಿಮ್ಮುವ ಸೋಡಾ ಕಂಪ್ಯೂಟರಿನದು

ಗೋಲಿ ಒಳಕ್ಕೆ ಇಳಿಯುತ್ತದೆ, ಸೋಡಾ ಉಕ್ಕಿ ಬಾಟಲಿಯನ್ನು ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ, ಹಿಂದೆ ಚಿತ್ರದುರ್ಗದ ಬಂಡೆಗಳು. ಐದು ಸೆಕೆಂಡಿನ ಈ ಶಾಟ್‌ನಲ್ಲಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ಗೆ ಬಿಡಬೇಕಾದದ್ದು ಉಕ್ಕುವ ಸೋಡಾ ಒಂದನ್ನೇ. ಉಳಿದದ್ದೆಲ್ಲ ಕ್ಯಾಮೆರಾದಲ್ಲೇ ಸಿಗಲಿ. ದಿನಾ ಕೈಯಲ್ಲಿ ಹಿಡಿಯುವ ಗಾಜು ಸುಳ್ಳಾದರೆ ಎಂಥವರಿಗೂ ತಿಳಿದುಬಿಡುತ್ತದೆ.

ಮೊದಲು ಹನಿ. ನಮ್ಮ ಕಡೆಯ ಬೇಸಿಗೆಯ ಒಣ ಗಾಳಿಯಲ್ಲಿ ಫ್ರಿಜ್‌ನಿಂದ ತೆಗೆದ ಬಾಟಲಿ ಸರಿಯಾಗಿ ಬೆವರುವುದೇ ಇಲ್ಲ. ಬೆವರಿದರೂ ಎರಡನೇ ಟೇಕ್ ಹೊತ್ತಿಗೆ ಹನಿಗಳು ಜಾಗ ಬದಲಿಸಿರುತ್ತವೆ. ತಣ್ಣಗಿಲ್ಲದ ಬಾಟಲಿಯನ್ನೇ ತಗೊಳ್ಳಿ. ಸ್ಪಿರಿಟ್‌ನಲ್ಲಿ ಒರೆಸಿ, ಬಾಯಿಯ ಭಾಗಕ್ಕೆ ಟೇಪ್ ಸುತ್ತಿ, ತೆಳುವಾಗಿ ಕ್ಲಿಯರ್ ಲ್ಯಾಕರ್ ಹೊಡೆದು ಒಣಗಿಸಿ. ಆಮೇಲೆ ಗ್ಲಿಸರಿನ್, ನೀರು ಸಮಸಮ ಬೆರೆಸಿ, ಸಣ್ಣ ಮಂಜು ಬರುವ ಸ್ಪ್ರೇ ಬಾಟಲಿಯಿಂದ ಒಂದೂವರೆ ಅಡಿ ದೂರದಲ್ಲಿ ನಿಂತು ಸಿಂಪಡಿಸಿ. ಹತ್ತಿರ ಹೋದರೆ ಹನಿಗಳು ಕೂಡಿಕೊಂಡು ಗೆರೆಯಾಗಿ ಹರಿಯುತ್ತವೆ. ಸರಿಯಾಗಿ ಕೂತ ಹನಿ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ.

ಚಿತ್ರೀಕರಣ ಸೆಕೆಂಡಿಗೆ 240 ಫ್ರೇಮ್‌ನಲ್ಲಿ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಸಮಯ) 1/480 ಸೆಕೆಂಡ್. 24 ಫ್ರೇಮ್‌ನಲ್ಲಿ ಓಡಿಸಿದಾಗ ಹತ್ತು ಪಟ್ಟು ನಿಧಾನ. ಮನೆಯ ಸಾಮಾನ್ಯ ಎಲ್‌ಇಡಿ ಬಲ್ಬ್ ಇಲ್ಲಿ ಕೈಕೊಡುತ್ತದೆ: 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಫ್ರೇಮಿನಿಂದ ಫ್ರೇಮಿಗೆ ಬೆಳಕು ಏರಿಳಿಯುತ್ತದೆ. ಫ್ಲಿಕರ್ ಇಲ್ಲದ ಲೈಟ್ ಬಾಡಿಗೆಗೆ ತನ್ನಿ, ಇಲ್ಲವೇ ಬೆಳಿಗ್ಗೆ ಹತ್ತರೊಳಗೆ ತಾರಸಿಯ ಮೇಲೆ ಬಿಸಿಲಲ್ಲೇ ಮುಗಿಸಿ. ಬಾಟಲಿಗಿಂತ ಒಂದು ಕೂದಲು ಸಣ್ಣದಾಗಿ ಅದೇ ಆಕಾರದಲ್ಲಿ ಬಿಳಿ ರಟ್ಟು ಕತ್ತರಿಸಿ ಹಿಂದೆ ಇಟ್ಟರೆ ಸೋಡಾ ಒಳಗಿಂದ ಬೆಳಗಿದಂತೆ ಕಾಣುತ್ತದೆ. ಬಾಟಲಿ ತೆಗೆದು ಅದೇ ಫ್ರೇಮಿನಲ್ಲಿ ಖಾಲಿ ಶಾಟ್ ಒಂದು, ಕನ್ನಡಿಯಂತೆ ಹೊಳೆಯುವ ಸ್ಟೀಲ್ ಗುಂಡು ಇಟ್ಟು ಬೇರೆಬೇರೆ ಎಕ್ಸ್‌ಪೋಷರ್‌ನಲ್ಲಿ ಐದಾರು ಫೋಟೊ. ಇವನ್ನು ಮರೆತರೆ ಮುಂದೆ ಬೆಳಕು ಹೊಂದಿಸಲು ಆಗುವುದಿಲ್ಲ.

ಬಂಡೆಗಳನ್ನು ಬೇರೆಯಾಗಿ ತೆಗೆದು ಆಮೇಲೆ ಬಾಟಲಿಯ ಹಿಂದೆ ಸೇರಿಸುವುದು; ಆ ಶಾಟೂ 240ರಲ್ಲೇ ಇರಲಿ. ಸೋಡಾ ನಿಧಾನ, ಹಿಂದಿನ ಗಿಡ ಮಾಮೂಲಿ ವೇಗದಲ್ಲಿ ಅಲುಗಿದರೆ ಎರಡೂ ಅಂಟುವುದಿಲ್ಲ. ಕೋಟೆಯೊಳಗೆ ಜಾಹೀರಾತು ತೆಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಹೊರಗಿನ ಗುಡ್ಡಗಳಲ್ಲೂ ಬೇಕಾದಷ್ಟು ಬಂಡೆಗಳಿವೆ. ಗಾಳಿ ಜೋರು, ಟ್ರೈಪಾಡ್‌ಗೆ ಮರಳಿನ ಚೀಲ ಕಟ್ಟಿ.

ಈಗ ಸಿಮ್ಯುಲೇಷನ್, ಅಂದರೆ ಸೋಡಾ ಹರಿಯುವ ಬಗೆಯನ್ನು ಬ್ಲೆಂಡರ್‌ನಲ್ಲಿ ಲೆಕ್ಕಹಾಕಿಸುವುದು. ಬಾಟಲಿಯನ್ನು ಅಳೆದು ಅದರ ಮಾದರಿ ಮಾಡಿ, ಶಾಟ್‌ನ ಬಾಟಲಿಯ ಮೇಲೆ ಕೂರಿಸಿ. ಬ್ಲೆಂಡರ್‌ನೊಳಗಿನ ಸೀನ್ ನಿಜದ ಅಳತೆಗಿಂತ ಹತ್ತು ಪಟ್ಟು ದೊಡ್ಡದಿರಲಿ. ರೆಸಲ್ಯೂಷನ್ (ದ್ರವದ ಜಾಗವನ್ನು ಎಷ್ಟು ಕೋಶಗಳಾಗಿ ಸೀಳಬೇಕೆಂಬ ಸಂಖ್ಯೆ) 64ರಲ್ಲಿ ಚಲನೆ ಪಕ್ಕಾ ಆಗುವವರೆಗೆ 256ಕ್ಕೆ ಹೋಗಬೇಡಿ: ರೆಸಲ್ಯೂಷನ್ ಎರಡು ಪಟ್ಟಾದರೆ ಲೆಕ್ಕದ ಕೋಶಗಳು ಎಂಟು ಪಟ್ಟಾಗುತ್ತವೆ, ಬೇಕ್, ಅಂದರೆ ಲೆಕ್ಕ ಹಾಕಿ ಉಳಿಸಿಡುವ ಕೆಲಸ, ರಾತ್ರಿಯಿಡೀ ಹಿಡಿಯುತ್ತದೆ. ದ್ರವದ ವೇಗ ಹೊಂದಿಸುವ ಟೈಮ್ ಸ್ಕೇಲ್ ಅನ್ನು 0.2ರಿಂದ ಶುರುಮಾಡಿ ಕಣ್ಣಳತೆಯಲ್ಲಿ ಏರಿಸಿ. ಹೊಂದಿಸಲು ಗೋಲಿಯೇ ಗಡಿಯಾರ. ಎರಡು ಸೆಂಟಿಮೀಟರ್ ತಾನಾಗಿ ಬೀಳಲು 0.064 ಸೆಕೆಂಡ್ ಬೇಕು, ಅಂದರೆ 240ರಲ್ಲಿ ಸುಮಾರು 15 ಫ್ರೇಮ್. ಹೆಬ್ಬೆರಳಿನ ಒತ್ತು ಸೇರಿದರೆ ಇನ್ನೂ ಕಡಿಮೆ. ಬಾಯಿಯಿಂದ ಚಿಮ್ಮಿದ ಸೋಡಾದ ಒಂದು ಹನಿ ಇಷ್ಟೇ ದೂರ (ದೊಡ್ಡದಾದ ಸೀನ್‌ನಲ್ಲಿ ಇಪ್ಪತ್ತು ಸೆಂಟಿಮೀಟರ್) ಬೀಳಲು 40 ಫ್ರೇಮ್ ತಗೊಂಡರೆ ಅದು ಸೋಡಾ ಅಲ್ಲ, ಜೇನುತುಪ್ಪ. ದ್ರವ ಗಾಜಿನೊಳಗೆ ಸೋರಿದರೆ ಅಡ್ಡಿಯಾಗಿಟ್ಟ ಬಾಟಲಿಯ ಸರ್ಫೇಸ್ ಥಿಕ್ನೆಸ್ (ಮೇಲ್ಮೈ ದಪ್ಪ) ಹೆಚ್ಚಿಸಿ.

ಹೆಚ್ಚು ಜನ ಎಡವುವುದು ರೆಂಡರ್‌ನಲ್ಲಿ, ಅಂದರೆ ಮಾದರಿಯಿಂದ ಕೊನೆಯ ಚಿತ್ರ ತೆಗೆಯುವಾಗ. ಸೋಡಾ ಪಾರದರ್ಶಕ, ಅದರ ಮೂಲಕ ಹಿಂದಿನ ಬಾಟಲಿ ಬಾಗಿ ಕಾಣಬೇಕು. ಅದಕ್ಕೆ ಚಿತ್ರೀಕರಿಸಿದ ಶಾಟ್ ಅನ್ನೇ ಬಾಟಲಿಯ ಮಾದರಿಯ ಮೇಲೆ, ಬಂಡೆಗಳ ಶಾಟ್ ಅನ್ನು ಹಿಂದಿನ ಪರದೆಯ ಮೇಲೆ ಪ್ರೊಜೆಕ್ಟ್ ಮಾಡಿ. ಇದನ್ನು ಬಿಟ್ಟರೆ ಸೋಡಾ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯಂತೆ ಕೂರುತ್ತದೆ. ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ಐಓಆರ್ (ವಕ್ರೀಭವನ ಸೂಚ್ಯಂಕ) ಸೋಡಾಕ್ಕೆ 1.33. ಒಳಗಿನ ಗುಳ್ಳೆಗಳು ಗಾಳಿ, ಆದ್ದರಿಂದ ಅವಕ್ಕೆ 1 ಭಾಗಿಸು 1.33, ಅಂದರೆ 0.75. ಗುಳ್ಳೆಗೂ 1.33 ಕೊಟ್ಟರೆ ಅದು ಬೆಳ್ಳಿಯಂಚಿಲ್ಲದೆ ನೀರಿನ ಮಣಿಯಂತೆ ಕಾಣುತ್ತದೆ. ದ್ರವ ಗಾಜಿಗೆ ತಾಗುವಲ್ಲಿ ಎರಡೂ ಸ್ವಲ್ಪ ಒಂದರೊಳಗೊಂದು ಹೊಕ್ಕಿರಲಿ, ಸಂದು ಉಳಿದರೆ ಬಿಳಿ ಗೆರೆ ಹೊಳೆಯುತ್ತದೆ. ಕಪ್ಪು ಕಲೆ ಬಂದರೆ ಟ್ರಾನ್ಸ್‌ಮಿಷನ್ ಬೌನ್ಸ್ (ಬೆಳಕಿನ ಕಿರಣ ಪಾರದರ್ಶಕ ಮೇಲ್ಮೈಗಳನ್ನು ಎಷ್ಟು ಸಲ ದಾಟಬಹುದೆಂಬ ಮಿತಿ) 12ರಿಂದ 24ಕ್ಕೆ ಏರಿಸಿ. ಚಿತ್ರದ ಚುಕ್ಕೆ ಅಳಿಸುವ ಡಿನಾಯ್ಸರ್ ಸಣ್ಣ ಗುಳ್ಳೆಗಳನ್ನೂ ನುಂಗಿಹಾಕುತ್ತದೆ, ಸ್ಯಾಂಪಲ್ (ಒಂದೊಂದು ಪಿಕ್ಸೆಲ್‌ಗೆ ಬಿಡುವ ಕಿರಣಗಳ ಸಂಖ್ಯೆ) ಹೆಚ್ಚಿಟ್ಟು ಅದನ್ನು ಹಗುರವಾಗಿ ಬಳಸಿ.

ಚಲನೆಯ ಮಸುಕಿಗೆ (ಮೋಷನ್ ಬ್ಲರ್) ಶಟರ್ 0.5, ಅಂದರೆ ಅರ್ಧ ಫ್ರೇಮ್; ಕ್ಯಾಮೆರಾದ 1/480ಕ್ಕೆ ಅದೇ ಸಮ. ಫೋಕಸ್ ಮಸುಕನ್ನು ಕಂಪೊಸಿಟಿಂಗ್‌ಗೆ (ಕೊನೆಗೆ ಪದರಗಳನ್ನು ಜೋಡಿಸುವ ಹಂತಕ್ಕೆ) ಬಿಡದೆ ರೆಂಡರ್‌ನಲ್ಲೇ ಮಾಡಿ. ಅಲ್ಲಿ ಬಳಸುವ, ದೂರವನ್ನು ದಾಖಲಿಸುವ ಡೆಪ್ತ್ ಪಾಸ್‌ಗೆ ಸೋಡಾದ ಮುಂಭಾಗ ಮಾತ್ರ ಗೊತ್ತು, ಅದರ ಹಿಂದೆ ಕಾಣುವುದರ ದೂರ ಗೊತ್ತಿಲ್ಲ. ಕೊನೆಗೆ ಕ್ಯಾಮೆರಾದ ಗ್ರೇನ್ (ಸಣ್ಣ ಚುಕ್ಕೆಗಳ ಒರಟು) ಅನ್ನು ಸೋಡಾದ ಮೇಲೂ ಹಾಕಿ, ಶಾಟ್ ಅನ್ನು ಒಮ್ಮೆ ಮೊಬೈಲಿನಲ್ಲಿ, ಒಮ್ಮೆ ಟಿವಿಯಲ್ಲಿ ನೋಡಿ. ಮೊಬೈಲಿನಲ್ಲಿ ಮುಚ್ಚಿಹೋದ ಬಿಳಿ ಗೆರೆ ಟಿವಿಯಲ್ಲಿ ಎದ್ದು ಕಾಣುತ್ತದೆ.