ಆಫ್ಟರ್‌ಮಾರ್ಕೆಟ್ ಶಾಕಬ್ಸರ್ ಸದ್ದು: ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಆಫ್ಟರ್‌ಮಾರ್ಕೆಟ್ (ಕಾರು ಕಂಪನಿಯದಲ್ಲದ, ಬೇರೆಯವರ ಮಾಲು) ಅಂದ್ರೆ ಸದ್ದು ಮಾಡೇ ಮಾಡುತ್ತದೆ, ಕಿತ್ತು ಒರಿಜಿನಲ್ ಹಾಕಿಸಿ ಅಂತ. ಈಗ ನನ್ನ ಹಳೇ ಸ್ವಿಫ್ಟ್ ಕುಡಿತಿನಿ ದಾಟಿ ತೋರಣಗಲ್ಲಿನವರೆಗೆ, ಅದಿರು ಲಾರಿಗಳು ಕೆಡಿಸಿದ ರಸ್ತೆಯಲ್ಲಿ, ಸದ್ದಿಲ್ಲದೆ ಹೋಗಿ ಬರುತ್ತದೆ. ಹಾಕಿರುವುದು ಆಫ್ಟರ್‌ಮಾರ್ಕೆಟ್ ಮಾಲೇ.

ಮುಂಚಕ್ರದ ಶಾಕಬ್ಸರ್ ಜೋಡಿಗೆ ಸುಮಾರು 4,500 ಕೊಟ್ಟಿದ್ದೆ, ಒರಿಜಿನಲ್‌ಗೆ ಹೆಚ್ಚುಕಮ್ಮಿ ಎರಡರಷ್ಟು ಹೇಳಿದ್ದರು. ಹಾಕಿಸಿದ ವಾರದಲ್ಲೇ ಹಂಪ್ ಮೇಲೆ ಟಕ್ ಟಕ್, ಜೊತೆಗೆ ಗಾಡಿ ಎಡಕ್ಕೆ ಒಂಥರಾ ಬಲಕ್ಕೆ ಒಂಥರಾ ಕುಣಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್ ಬದಲಿಸಿದ. ಎರಡು ಸಾವಿರದ ಮೇಲೆ ಹೋಯಿತು, ಸದ್ದು ಹಾಗೇ ಇತ್ತು. ಇನ್ನೊಬ್ಬ ಸ್ಟೀರಿಂಗ್ ರ‍್ಯಾಕ್ ಅಂದ. ಅವನಿಗೆ ನಮಸ್ಕಾರ ಹೇಳಿ ಬಂದೆ.

ಗಾಡಿ ವಾಲದಂತೆ ತಡೆಯುವ ಕಂಬಿಗೆ ಸೇರುವ ಲಿಂಕ್ ರಾಡ್ ಎರಡೂ ಕಡೆ ಬಿಚ್ಚಿ ನಿಧಾನಕ್ಕೆ ಓಡಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಸರಿ, ಸ್ಟ್ರಟ್ (ಸ್ಪ್ರಿಂಗ್ ಸಮೇತ ಶಾಕಬ್ಸರ್) ಇಳಿಸಿ, ಸ್ಪ್ರಿಂಗ್ ತೆಗೆದು, ರಾಡ್ ಒತ್ತಿ ಬಿಟ್ಟರೆ ಬಲದ್ದು ತಾನಾಗಿ ಮೇಲೆ ಬಂತು, ಎಡದ್ದು ಒತ್ತಿದಲ್ಲೇ ಕೂತಿತು. ನಂಬರ್ ನೋಡಿದರೆ ಬೇರೆ ಬೇರೆ. ಒಂದು ಗ್ಯಾಸ್ ತುಂಬಿದ್ದು, ಇನ್ನೊಂದು ಬರೀ ಆಯಿಲ್! ಅಂಗಡಿಯವನು ಒಪ್ಪಲಿಲ್ಲ. ಎರಡನ್ನೂ ಅವನ ಕೌಂಟರ್ ಮೇಲೆ ಒತ್ತಿ ತೋರಿಸಿದ ಮೇಲೆ ಸುಮ್ನೆ ಬದಲಿಸಿ ಕೊಟ್ಟ.

ಕುಣಿತ ನಿಂತಿತು, ಸದ್ದು ಪೂರ್ತಿ ಹೋಗಲಿಲ್ಲ. ಸ್ಟ್ರಟ್ಟಿನ ಮೇಲ್ತುದಿ ಕೂರುವ ರಬ್ಬರ್ ಮೌಂಟ್ ಹಳೇದನ್ನೇ ಮತ್ತೆ ಹಾಕಿದ್ದರು. ರಬ್ಬರ್ ಬಿಟ್ಟಿತ್ತು, ಬೇರಿಂಗ್ ಒಣಗಿತ್ತು. ನಮ್ಮ ಬಿಸಿಲು, ಅದಿರಿನ ಧೂಳು, ಇನ್ನೇನಾಗುತ್ತದೆ. ಜೋಡಿ ಮೌಂಟ್ 1,500ರ ಆಸುಪಾಸು ಬಿತ್ತು. ಹಾಕುವ ಮುಂಚೆ ಶಾಕಬ್ಸರನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದೆ, ಯಾಕಂದ್ರೆ ಅಂಗಡಿಯಲ್ಲಿ ಮಲಗಿಸಿಟ್ಟ ಮಾಲಿನ ಒಳಗೆ ಗಾಳಿ ಸೇರಿ ಮೊದಲ ಇಂಚು ಖಾಲಿ ಬಡಿಯುತ್ತದೆ. ಮೇಲಿನ ನಟ್ಟಿಗೆ ಏರ್ ಗನ್ ಮುಟ್ಟಿಸಲಿಲ್ಲ. ರಾಡ್ ತಿರುಗಿದರೆ ಸೀಲ್ ಹಾಳು. ಅಲನ್ ಕೀಯಲ್ಲಿ ಹಿಡಿದು ಸ್ಪ್ಯಾನರ್‌ನಲ್ಲೇ ಬಿಗಿಸಿದೆ. ಮೌಂಟ್ ಮತ್ತು ಸ್ಪ್ರಿಂಗ್ ಸೀಟ್ ನಡುವೆ ಒಂದು ಸಣ್ಣ ಕೆಲಸ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಸ್ಪ್ರಿಂಗ್ ತುದಿಗೆ ಸೈಕಲ್ ಟ್ಯೂಬ್ ಸುತ್ತಿಯೂ ನೋಡಿದೆ. ಸ್ವಲ್ಪ ದಿನಕ್ಕೇ ಹರಿದು ಚಿಂದಿಯಾಯಿತು, ದಂಡ. ಗಾಡಿಯ ಹಿಂಭಾಗದಲ್ಲಿ ಬರುತ್ತಿದ್ದ ಗಡಗಡ ಸದ್ದಿಗೆ ಮೊಬೈಲನ್ನು ಡಿಕ್ಕಿಯಲ್ಲಿ ರೆಕಾರ್ಡಿಂಗ್‌ಗೆ ಇಟ್ಟಾಗ ಸಿಕ್ಕ ಕಳ್ಳ ಜಾಕ್! ಅಲ್ಲೇ ಬರುತ್ತಿದ್ದ ಕಿರ್ ಸದ್ದು ಮಾತ್ರ ಹಿಂಚಕ್ರದ ಶಾಕಬ್ಸರ್‌ದೇ. ಗಾಡಿ ಎತ್ತಿಟ್ಟು ಚಕ್ರ ನೇತಾಡುವಾಗಲೇ ಕೆಳಗಿನ ಬೋಲ್ಟ್ ಬಿಗಿಸಿದ್ದರು, ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ತಿರುಚಿಕೊಂಡೇ ಕೂತಿತ್ತು. ಸಡಿಲಿಸಿ, ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬಿಗಿಸಿದೆ. ಪೈಸೆ ಖರ್ಚಿಲ್ಲ.

ಕೊನೆಗೆ ಅಲೈನ್‌ಮೆಂಟ್‌ಗೆ ನಾಲ್ಕೈದು ನೂರು ಹೋಯಿತು. ಅದನ್ನು ಉಳಿಸಲು ಹೋಗಬೇಡಿ. ಸ್ಟ್ರಟ್ ಬಿಚ್ಚಿದ ಮೇಲೆ ಚಕ್ರದ ಕೋನ ಅಷ್ಟಿಷ್ಟು ಬದಲಾಗಿರುತ್ತದೆ, ಹಾಗೇ ಬಿಟ್ಟರೆ ಮುಂದಿನ ಟೈರ್ ಒಂದೇ ಕಡೆ ಸವೆಯುತ್ತದೆ.